ಉತ್ತರ ಕನ್ನಡಕ್ಕೆ ಆಸ್ಪತ್ರೆ ಬೇಕು. ಜಾಗ ಯಾವುದೆಂದು ಜನರನ್ನು ಕೇಳುವವರು ಯಾರು?

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯೊಬ್ಬರನ್ನು ಹೊತ್ತು ಉಡುಪಿ ಕಡೆಗೆ ಧಾವಿಸುತ್ತಿದ್ದ ಆಂಬುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲ್‌ಗೇಟ್‌ನಲ್ಲಿ ಮಳೆಗೆ ಒದ್ದೆಯಾದ ರಸ್ತೆಯ ಮೇಲೆ ಜಾರಿ ಉರುಳಿತು. ನಾಲ್ವರು ಪ್ರಾಣ ಕಳೆದುಕೊಂಡರು. ಆ ದೃಶ್ಯ ರಾಜ್ಯದಾದ್ಯಂತ ಹರಿದಾಡಿತು. 2019ರಲ್ಲಿಯೇ ಸಾಮಾಜಿಕ ಜಾಲತಾಣಗಳಲ್ಲಿ ಮೊಳಗಿದ್ದ 'ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಕೊಡಿ' ಎಂಬ ಕೂಗು ಮತ್ತೆ ಬೀದಿಗೆ ಬಂತು.

ಎರಡು ವರ್ಷಗಳ ನಂತರ, 2024ರ ಜುಲೈ 16ರಂದು, ಇನ್ನೊಂದು ಶಿರೂರು ಸುದ್ದಿಯಾಯಿತು. ಇದು ಅಂಕೋಲಾ ತಾಲ್ಲೂಕಿನ ಶಿರೂರು. ರಾಷ್ಟ್ರೀಯ ಹೆದ್ದಾರಿ 66ರ ವಿಸ್ತರಣೆಗಾಗಿ ಕಡಿದಿದ್ದ ಗುಡ್ಡ ಭಾರಿ ಮಳೆಗೆ ಕುಸಿದು ಗಂಗಾವಳಿ ನದಿಯವರೆಗೂ ಜಾರಿತು. 11 ಜನ ಬಲಿಯಾದರು. ಅಂಕೋಲಾ ಮತ್ತು ಕುಮಟಾ ನಡುವಿನ ನೇರ ಸಂಪರ್ಕ ಹಲವು ದಿನ ಕಡಿದುಹೋಯಿತು.

ಒಂದೇ ಹೆಸರಿನ ಎರಡು ಊರುಗಳಲ್ಲಿ ನಡೆದ ಈ ಎರಡು ದುರಂತಗಳನ್ನು ಬೇರೆ ಬೇರೆ ಕಥೆಗಳೆಂದು ಓದುವುದು ಸುಲಭ. ಮೊದಲನೆಯದು ಆಸ್ಪತ್ರೆ ಇಲ್ಲದ್ದರ ಬೆಲೆ. ಎರಡನೆಯದು ಗುಡ್ಡ ಕಡಿದದ್ದರ ಬೆಲೆ. ಆದರೆ ಉತ್ತರ ಕನ್ನಡದಲ್ಲಿ ದೊಡ್ಡ ಆಸ್ಪತ್ರೆಯೊಂದನ್ನು ಕಟ್ಟುವ ಮಾತು ಬಂದಾಗಲೆಲ್ಲ ಈ ಎರಡೂ ಒಂದೇ ಮೇಜಿನ ಮೇಲೆ ಬಂದು ಕೂರುತ್ತವೆ. ಆಸ್ಪತ್ರೆಗೆ ವಿಶಾಲವಾದ ಜಾಗ ಬೇಕು. ಕಾಡು, ಗುಡ್ಡ, ಗಜನಿ, ತೋಟ ಬಿಟ್ಟರೆ ಜಿಲ್ಲೆಯಲ್ಲಿ ಉಳಿಯುವ ಸಮತಟ್ಟಾದ ಜಾಗವೇ ಕಡಿಮೆ.

ಬೇಡ ಎಂದವರೇ ಬೇಕು ಎಂದಾಗ

ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ ವಿಸ್ತೀರ್ಣದ ಈ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 14.37 ಲಕ್ಷ ಜನರಿದ್ದರು. ಭೂಭಾಗದ ಮುಕ್ಕಾಲು ಪಾಲಿಗಿಂತ ಹೆಚ್ಚು ಅರಣ್ಯದ ಲೆಕ್ಕದಲ್ಲಿದೆ. ಕಾರವಾರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತಾದರೂ ಹೃದಯಾಘಾತ, ತಲೆಗೆ ಪೆಟ್ಟು, ಕ್ಯಾನ್ಸರ್ ಮುಂತಾದವುಗಳಿಗೆ ದಕ್ಷಿಣದ ತಾಲ್ಲೂಕುಗಳವರು ಮಣಿಪಾಲ-ಮಂಗಳೂರಿನತ್ತ, ಘಟ್ಟದ ಮೇಲಿನವರು ಹುಬ್ಬಳ್ಳಿಯತ್ತ, ಗಡಿಯಂಚಿನವರು ಗೋವಾದ ಬಾಂಬೋಳಿಯತ್ತ ಮುಖ ಮಾಡುವುದು ದಶಕಗಳ ರೂಢಿ. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ, ಮಳೆಗಾಲ, ಘಟ್ಟದ ತಿರುವುಗಳು. ಚಿಕಿತ್ಸೆಯ ಮೊದಲ ಗಂಟೆ ರಸ್ತೆಯಲ್ಲಿಯೇ ಕಳೆದುಹೋಗುತ್ತದೆ ಎಂಬುದು ಹೋರಾಟಗಾರರ ಮುಖ್ಯ ವಾದ.

ಈ ಬೇಡಿಕೆಯ ಹಿನ್ನೆಲೆ ಸ್ವಾರಸ್ಯಕರವಾದುದು. ದೊಡ್ಡ ಯೋಜನೆಗಳಿಗೆ 'ಬೇಡ' ಎಂದು ಹೇಳಿ ಹೆಸರಾದ ಜಿಲ್ಲೆ ಇದು. 1980ರ ದಶಕದ ಆರಂಭದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ಅಡಿಕೆ ಬೆಳೆಗಾರರು ಅಂಕಿಅಂಶ ಮುಂದಿಟ್ಟು ವಿರೋಧಿಸಿದರು. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಅಪ್ಪಿಕೋ ಚಳವಳಿ ಅಲ್ಲಿಂದ ಹಬ್ಬಿತು. ಕೈಗಾ ಅಣುಸ್ಥಾವರದ ವಿರುದ್ಧ ದನಿ ಎತ್ತಿದ್ದ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಯಲ್ಲಿ ಇಲ್ಲಿಂದಲೇ ಸ್ಪರ್ಧಿಸಿದ್ದರು. ತದಡಿಯ ಉಷ್ಣವಿದ್ಯುತ್ ಸ್ಥಾವರ ಕೂಡ ಜನರ ವಿರೋಧದ ನಡುವೆ ಕೈಬಿಟ್ಟುಹೋಯಿತು.

ಆದರೆ ಎಲ್ಲ ಯೋಜನೆಗಳೂ ನಿಲ್ಲಲಿಲ್ಲ. ಕಾಳಿ ನದಿಯ ಅಣೆಕಟ್ಟುಗಳು ಬಂದವು, ಕೈಗಾ ಬಂತು, ಸೀಬರ್ಡ್ ನೌಕಾನೆಲೆ ಬಂತು, ಕೊಂಕಣ ರೈಲು, ಚತುಷ್ಪಥ ಹೆದ್ದಾರಿ ಬಂದವು. ಪ್ರತಿಯೊಂದಕ್ಕೂ ಊರು, ಗದ್ದೆ, ಕಾಡು ಬಿಟ್ಟುಕೊಟ್ಟ ಜಿಲ್ಲೆಗೆ ಆಸ್ಪತ್ರೆಯೊಂದು ಮಾತ್ರ ಬರಲಿಲ್ಲ ಎಂಬ ಮಾತು ಚಳವಳಿಯ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ರಾಷ್ಟ್ರಕ್ಕಾಗಿ ಕಾಡು ಹೋಗಬಹುದಾದರೆ ನಮ್ಮ ಜೀವಕ್ಕಾಗಿ ಏಕೆ ಹೋಗಬಾರದು ಎಂಬುದು ಇದರ ತಾತ್ಪರ್ಯ. ಈ ವಾದವನ್ನು ತಳ್ಳಿಹಾಕುವುದು ಕಷ್ಟ. ಪರಿಸರದ ಕಾಳಜಿ ಉಳ್ಳವರೂ ಇದನ್ನು ತಳ್ಳಿಹಾಕಿಲ್ಲ. ಅವರ ಪ್ರಶ್ನೆ ಆಸ್ಪತ್ರೆ ಬೇಕೋ ಬೇಡವೋ ಎಂಬುದಲ್ಲ, ಯಾವ ಗುಡ್ಡ, ಯಾವ ನೀರು, ಯಾವ ದಾರಿ ಎಂಬುದು. ಇವಕ್ಕೆ ಉತ್ತರ ಹೇಳಬೇಕಾದ ಹಂತದಲ್ಲಿ ಸ್ಥಳೀಯರನ್ನು ಕೇಳುವ ಕಟ್ಟುಪಾಡು ಕಾನೂನಿನಲ್ಲಿ ಬಹುತೇಕ ಇಲ್ಲ.

ಅಹವಾಲು ಸಭೆ ಇಲ್ಲದ ಅನುಮತಿ

ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಂದಾಜೀಕರಣ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ನಿರ್ಮಿತ ಪ್ರದೇಶವುಳ್ಳ ಕಟ್ಟಡಗಳಿಗೆ ಪರಿಸರ ಅನುಮತಿ ಕಡ್ಡಾಯ. ಕೆಲವು ನೂರು ಹಾಸಿಗೆಗಳ ಆಸ್ಪತ್ರೆ, ಅದರ ಜತೆಗೆ ವೈದ್ಯರ ವಸತಿಗೃಹ, ವಿದ್ಯಾರ್ಥಿನಿಲಯ ಸೇರಿದರೆ ಈ ಮಿತಿ ದಾಟುವುದು ಸಹಜ. ಅರ್ಜಿ ಹೋಗುವುದು ರಾಜ್ಯ ಮಟ್ಟದ ಪ್ರಾಧಿಕಾರಕ್ಕೆ.

ಗಣಿ, ಅಣೆಕಟ್ಟು, ಸಿಮೆಂಟ್ ಕಾರ್ಖಾನೆಗಳಿಗೆ ಇದೇ ಅಧಿಸೂಚನೆ ಸಾರ್ವಜನಿಕ ಅಹವಾಲು ಸಭೆಯನ್ನು ವಿಧಿಸುತ್ತದೆ. ಜಿಲ್ಲಾಧಿಕಾರಿಯವರ ಸಮ್ಮುಖದಲ್ಲಿ ಊರಿನವರು ಎದ್ದು ನಿಂತು ಮಾತನಾಡಬಹುದು; ಆ ಮಾತು ದಾಖಲಾಗಬೇಕು; ಯೋಜನೆಯವರು ಅದಕ್ಕೆ ಉತ್ತರ ಕೊಡಬೇಕು. ಕಟ್ಟಡ ಯೋಜನೆಗಳಿಗೆ ಮಾತ್ರ ಈ ಹಂತದಿಂದ ವಿನಾಯಿತಿ ಇದೆ. ಕಾನೂನಿನ ಕಣ್ಣಿಗೆ ಆಸ್ಪತ್ರೆಯೂ ಒಂದು ಕಟ್ಟಡ. ವಾಣಿಜ್ಯ ಸಂಕೀರ್ಣಕ್ಕೂ ಐನೂರು ಹಾಸಿಗೆಗಳ ಆಸ್ಪತ್ರೆಗೂ ಅಲ್ಲಿ ವ್ಯತ್ಯಾಸವಿಲ್ಲ.

ಶಾಲೆ, ಕಾಲೇಜು, ವಿದ್ಯಾರ್ಥಿನಿಲಯ, ಕೈಗಾರಿಕಾ ಶೆಡ್‌ಗಳಿಗೆ ಪರಿಸರ ಅನುಮತಿಯಿಂದಲೇ ವಿನಾಯಿತಿ ಕೊಡುವ ಟಿಪ್ಪಣಿಯೊಂದನ್ನು ಕೇಂದ್ರ ಸರ್ಕಾರ 2025ರ ಜನವರಿಯ ಅಧಿಸೂಚನೆಯಲ್ಲಿ ಸೇರಿಸಿತ್ತು. ಸುಪ್ರೀಂ ಕೋರ್ಟ್ ಅದೇ ವರ್ಷದ ಆಗಸ್ಟ್ 5ರಂದು ಆ ಟಿಪ್ಪಣಿಯನ್ನು ರದ್ದುಪಡಿಸಿತು. ಆಸ್ಪತ್ರೆಗಳ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಆದ್ದರಿಂದ ಅನುಮತಿಯ ಅಗತ್ಯ ಹಿಂದೆಯೂ ಇತ್ತು, ಈಗಲೂ ಇದೆ. ಇಲ್ಲದಿರುವುದು ಜನರನ್ನು ಕರೆದು ಕೇಳುವ ಸಭೆ.

ಇದರಲ್ಲೊಂದು ವಿಚಿತ್ರವಿದೆ. ಆಸ್ಪತ್ರೆಗೆ ಬೇಡವಾದ ಅಹವಾಲು ಸಭೆ ಆಸ್ಪತ್ರೆಯ ಕಸಕ್ಕೆ ಬೇಕಾಗುತ್ತದೆ. ಹಲವು ಆಸ್ಪತ್ರೆಗಳ ತ್ಯಾಜ್ಯವನ್ನು ಒಂದೆಡೆ ಸುಟ್ಟು ಸಂಸ್ಕರಿಸುವ ಸಾಮೂಹಿಕ ಘಟಕಗಳನ್ನು 2015ರಲ್ಲಿ ಅಧಿಸೂಚನೆಯ ವ್ಯಾಪ್ತಿಗೆ ಪ್ರತ್ಯೇಕವಾಗಿ ತರಲಾಯಿತು. ಕೇರಳದ ತಿರುವನಂತಪುರ ಜಿಲ್ಲೆಯ ಪಾಲೋಡ್ ಸಮೀಪ, ಪೆರಿಂಗಮ್ಮಲ ಪಂಚಾಯಿತಿಯಲ್ಲಿ ಇಂಥ ಘಟಕವೊಂದನ್ನು ಭಾರತೀಯ ವೈದ್ಯಕೀಯ ಸಂಘ ಪ್ರಸ್ತಾಪಿಸಿತ್ತು. 2018ರ ಜನವರಿಯಲ್ಲಿ ನಡೆದ ಅಹವಾಲು ಸಭೆಗೆ ಊರಿಗೆ ಊರೇ ಬಂದು ವಿರೋಧಿಸಿತು. ರಾಮಪತ್ರೆ ಜಾತಿಯ ಮರಗಳ ಜೌಗು ಕಾಡು, ಅದರಿಂದ ಹುಟ್ಟುವ ತೊರೆ, ಆ ತೊರೆಯ ನೀರು ಕುಡಿಯುವ ಆದಿವಾಸಿ ಕುಟುಂಬಗಳು ಸಭೆಯಲ್ಲಿ ಚರ್ಚೆಯಾದವು. ಘಟಕ ಅಲ್ಲಿ ತಲೆ ಎತ್ತಲಿಲ್ಲ. ಇಂಥದೇ ರಾಮಪತ್ರೆ ಜಡ್ಡಿಗಳು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿಯೂ ಇವೆ ಎಂಬುದನ್ನು ಇಲ್ಲಿ ನೆನೆಯಬಹುದು.

ಅರಣ್ಯ ಕಾನೂನಿನ ಸಣ್ಣ ಕಿಂಡಿ

ಜಾಗ ಅರಣ್ಯವಾಗಿದ್ದರೆ ಇನ್ನೊಂದು ಕಾನೂನು ಮುಂದೆ ಬರುತ್ತದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ (2023ರಲ್ಲಿ ಇದರ ಹೆಸರು ಬದಲಾಗಿದೆ) ಪ್ರಕಾರ ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಕೇಂದ್ರದ ಪೂರ್ವಾನುಮತಿ ಬೇಕು. ಪರಿಹಾರಾತ್ಮಕ ಅರಣ್ಯೀಕರಣ, ಅರಣ್ಯದ ನಿವ್ವಳ ಮೌಲ್ಯದ ಪಾವತಿ ಇತ್ಯಾದಿ ಷರತ್ತುಗಳಿವೆ.

ಇದಕ್ಕೊಂದು ಅಪವಾದವಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಪ್ರಕರಣ ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಮುಂತಾದ 13 ಸೌಲಭ್ಯಗಳಿಗೆ ಅರಣ್ಯ ಭೂಮಿ ಬಳಸಲು ಸರಳ ದಾರಿಯೊಂದನ್ನು ತೋರಿಸುತ್ತದೆ. ಪಟ್ಟಿಯಲ್ಲಿ ಔಷಧಾಲಯ ಅಥವಾ ಆಸ್ಪತ್ರೆಯೂ ಇದೆ. ಷರತ್ತುಗಳು ನಾಲ್ಕು: ಅದನ್ನು ಸರ್ಕಾರವೇ ನಿರ್ವಹಿಸಬೇಕು, ಪ್ರತಿ ಪ್ರಕರಣದಲ್ಲಿ ಭೂಮಿ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆ ಶಿಫಾರಸು ಮಾಡಿರಬೇಕು.

ಆಸ್ಪತ್ರೆಯ ಜಾಗದ ಬಗ್ಗೆ ಊರಿನವರ ಮಾತಿಗೆ ಕಾನೂನು ನೇರವಾಗಿ ತೂಕ ಕೊಡುವುದು ಇಲ್ಲಿ. ತೊಡಕೆಂದರೆ, ಒಂದು ಹೆಕ್ಟೇರ್ ಎಂದರೆ ಎರಡೂವರೆ ಎಕರೆಯೂ ಆಗುವುದಿಲ್ಲ. ಸಮುದಾಯ ಆರೋಗ್ಯ ಕೇಂದ್ರಕ್ಕೆ ಇದು ಸಾಕು. ನರರೋಗ, ಹೃದ್ರೋಗ, ಕ್ಯಾನ್ಸರ್ ವಿಭಾಗಗಳೆಲ್ಲ ಸೇರಿದ ಆಸ್ಪತ್ರೆಗೆ, ಅದರಲ್ಲೂ ವಾಹನ ನಿಲುಗಡೆ, ವಸತಿಗೃಹ, ನೀರು ಶುದ್ಧೀಕರಣ ಘಟಕ ಸೇರಿದರೆ, ಖಂಡಿತ ಸಾಲದು. ಜಾಗ ದೊಡ್ಡದಾದಷ್ಟೂ ಗ್ರಾಮಸಭೆ ದೂರವಾಗುತ್ತದೆ. ದೊಡ್ಡ ಪ್ರಮಾಣದ ಅರಣ್ಯ ಬಳಕೆಗೂ ಗ್ರಾಮಸಭೆಯ ಒಪ್ಪಿಗೆ ಬೇಕೆಂದು ಕೇಂದ್ರ ಪರಿಸರ ಸಚಿವಾಲಯ 2009ರಲ್ಲಿ ಸುತ್ತೋಲೆ ಹೊರಡಿಸಿತ್ತು. 2022ರ ನಿಯಮಗಳು ಅರಣ್ಯ ಹಕ್ಕಿನ ಇತ್ಯರ್ಥವನ್ನು ಕೇಂದ್ರದ ಅನುಮತಿಯ ನಂತರದ ಹಂತಕ್ಕೆ, ರಾಜ್ಯ ಸರ್ಕಾರದ ಹೊಣೆಗೆ ತಳ್ಳಿದವು.

ಉತ್ತರ ಕನ್ನಡದಲ್ಲಿ ಇದು ಕೇವಲ ಮರಗಳ ಲೆಕ್ಕವಲ್ಲ. ಕಾಗದದ ಮೇಲೆ 'ಅರಣ್ಯ' ಎಂದಿರುವ ಜಾಗದಲ್ಲಿ ತಲೆಮಾರುಗಳಿಂದ ಮನೆ ಕಟ್ಟಿ, ಗೇಣು ಭೂಮಿ ಸಾಗುವಳಿ ಮಾಡಿಕೊಂಡಿರುವ ಸಾವಿರಾರು ಕುಟುಂಬಗಳಿವೆ. ಅರಣ್ಯ ಹಕ್ಕಿಗಾಗಿ ಅವರ ಅರ್ಜಿ, ತಿರಸ್ಕಾರ, ಮೇಲ್ಮನವಿಗಳು ವರ್ಷಗಟ್ಟಲೆ ನಡೆದಿವೆ. ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟದ ಸವಲತ್ತಿದೆ. 'ಖಾಲಿ ಬಿದ್ದಿರುವ ಸರ್ಕಾರಿ ಜಾಗ' ಎಂದು ನಕ್ಷೆಯಲ್ಲಿ ತೋರಿಸಿದ ಕಡೆ ಹೋಗಿ ನೋಡಿದರೆ ಯಾರದೋ ಸೊಪ್ಪು, ಯಾರದೋ ಸೌದೆ, ಯಾರದೋ ಗುಡಿಸಲು ಇರುವುದು ಇಲ್ಲಿ ಅಪರೂಪವಲ್ಲ. ತುರ್ತು ಚಿಕಿತ್ಸೆಗೆ ದುಬಾರಿ ವಾಹನ ಮಾಡಿಕೊಂಡು ಹೋಗಲಾಗದವರು ಸಾಮಾನ್ಯವಾಗಿ ಇಂಥ ಕುಟುಂಬದವರೇ. ಆಸ್ಪತ್ರೆಯ ಅಗತ್ಯ ಹೆಚ್ಚಿರುವುದು ಅವರಿಗೆ; ಜಾಗ ಕಳೆದುಕೊಳ್ಳುವ ಭಯವೂ ಅವರಿಗೇ.

ಮನೇಠಿ ಕಲಿಸಿದ್ದು

ಇಂಥದೇ ಇಕ್ಕಟ್ಟು ಹರಿಯಾಣದ ರೇವಾಡಿ ಜಿಲ್ಲೆಯಲ್ಲಿ ಎದುರಾಗಿತ್ತು. ಅಲ್ಲಿನ ಮನೇಠಿ ಗ್ರಾಮದಲ್ಲಿ ಏಮ್ಸ್ ಆಸ್ಪತ್ರೆ ಸ್ಥಾಪಿಸುವುದಾಗಿ ಆಗಿನ ಮುಖ್ಯಮಂತ್ರಿ ಮನೋಹರ್ ಲಾಲ್ ಖಟ್ಟರ್ 2015ರಲ್ಲಿ ಘೋಷಿಸಿದ್ದರು. ಕೆಲಸ ಮುಂದೆ ಸಾಗದಿದ್ದಾಗ ಸುತ್ತಲಿನ ಹಳ್ಳಿಗರು ಸಂಘರ್ಷ ಸಮಿತಿ ಕಟ್ಟಿ ತಿಂಗಳುಗಟ್ಟಲೆ ಧರಣಿ ಕುಳಿತರು. 2019ರ ಫೆಬ್ರುವರಿಯ ಮಧ್ಯಂತರ ಬಜೆಟ್‌ನಲ್ಲಿ ಹರಿಯಾಣಕ್ಕೆ ಏಮ್ಸ್ ಪ್ರಕಟವಾಯಿತು. ಪಂಚಾಯಿತಿಯೇ ಜಾಗ ಕೊಡಲು ಮುಂದೆ ಬಂದಿತ್ತು. ಜನರ ಕಡೆಯಿಂದ ವಿರೋಧದ ಸೊಲ್ಲೇ ಇರಲಿಲ್ಲ.

ಆದರೆ ಆ ಜಾಗ ಅರಾವಳಿಯ ಕುರುಚಲು ಕಾಡಾಗಿತ್ತು. ಕೇಂದ್ರದ ಅರಣ್ಯ ಸಲಹಾ ಸಮಿತಿ 2019ರಲ್ಲಿ ಪ್ರಸ್ತಾವವನ್ನು ತಿರಸ್ಕರಿಸಿತು. ಹಳ್ಳಿಗರು ಮತ್ತೆ ಬೀದಿಗಿಳಿದರು. ನಾಲ್ಕು ಮುಳ್ಳುಗಿಡಗಳಿಗಾಗಿ ಆಸ್ಪತ್ರೆ ಹೋಯಿತೆಂಬ ಸಿಟ್ಟು ಸಹಜವೇ ಆಗಿತ್ತು. ಸಮಿತಿಯ ದೃಷ್ಟಿ ಬೇರೆ. ಅರಾವಳಿಯ ಆ ಕುರುಚಲು ನೆಲವೇ ಒಣ ಪ್ರದೇಶದಲ್ಲಿ ಮಳೆನೀರನ್ನು ಭೂಮಿಗೆ ಇಳಿಸುವುದು.

ಮುಂದೆ ನಡೆದದ್ದು ಗಮನಾರ್ಹ. ಪಕ್ಕದ ಮಾಜರಾ ಗ್ರಾಮದ ರೈತರು ಜಮೀನು ಮಾರಲು ಒಪ್ಪಿ ಮುಂದೆ ಬಂದರು. ಸುಮಾರು 200 ಎಕರೆ ಒಟ್ಟುಗೂಡಿತು. 2024ರ ಫೆಬ್ರುವರಿ 16ರಂದು ಪ್ರಧಾನಿ ಅಲ್ಲಿ ಶಂಕುಸ್ಥಾಪನೆ ನೆರವೇರಿಸಿದರು. ಕಾಡೂ ಉಳಿಯಿತು, ಆಸ್ಪತ್ರೆಯೂ ಸಿಕ್ಕಿತು. ಆದರೆ ಘೋಷಣೆಗೂ ಶಂಕುಸ್ಥಾಪನೆಗೂ ನಡುವೆ ಎಂಟೂವರೆ ವರ್ಷ ಕಳೆದಿತ್ತು. ಜಾಗದ ಪರ್ಯಾಯಗಳನ್ನು ಮೊದಲೇ ಪರಿಶೀಲಿಸಿದ್ದರೆ ಈ ವರ್ಷಗಳಲ್ಲಿ ಹಲವು ಉಳಿಯುತ್ತಿದ್ದವು. ಬಯಲು ಸೀಮೆಯ ರೇವಾಡಿಯಲ್ಲಿ ಪಕ್ಕದ ಊರಿನಲ್ಲಿ ಜಮೀನು ಸಿಕ್ಕಿತು. ಕುಮಟಾದಲ್ಲೋ ಶಿರಸಿಯಲ್ಲೋ ಹಾಗೆ ಇನ್ನೂರು ಎಕರೆ ಒಟ್ಟಿಗೆ ಸಿಗುವುದು ಕನಸಿನ ಮಾತು ಎಂಬ ವ್ಯತ್ಯಾಸವನ್ನೂ ಮರೆಯುವಂತಿಲ್ಲ.

ನೀರು ಎಷ್ಟು, ಕೊಳೆ ಎಲ್ಲಿಗೆ?

ಮರಗಳ ಲೆಕ್ಕ ಎಲ್ಲರ ಕಣ್ಣಿಗೆ ಬೀಳುತ್ತದೆ. ಆಸ್ಪತ್ರೆಯ ನಿಜವಾದ ಪರಿಣಾಮ ಕಟ್ಟಡ ಎದ್ದ ಮೇಲೆ ಪ್ರತಿದಿನ ನಡೆಯುವಂಥದ್ದು.

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ನೂರಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಗೆ ಪ್ರತಿ ಹಾಸಿಗೆಗೆ ದಿನಕ್ಕೆ 450 ಲೀಟರ್ ನೀರು ಬೇಕು. 500 ಹಾಸಿಗೆಗಳ ಆಸ್ಪತ್ರೆಗೆ ದಿನಕ್ಕೆ 2.25 ಲಕ್ಷ ಲೀಟರ್ ಆಯಿತು. ನಗರವಾಸಿಯೊಬ್ಬರಿಗೆ 135 ಲೀಟರ್ ಎಂಬ ಮಾನದಂಡದಲ್ಲಿ ನೋಡಿದರೆ ಇದು ಸುಮಾರು 1,650 ಜನರ ಒಂದು ದಿನದ ನೀರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಕರಾವಳಿಯಲ್ಲಿ ಇದೇನು ದೊಡ್ಡದು ಎನಿಸಬಹುದು. ಮಳೆ ನಾಲ್ಕು ತಿಂಗಳಲ್ಲಿ ಸುರಿದು ಸಮುದ್ರ ಸೇರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಕುಮಟಾ, ಹೊನ್ನಾವರ, ಅಂಕೋಲಾಗಳ ಎಷ್ಟೋ ಬಾವಿಗಳು ಬತ್ತುತ್ತವೆ ಅಥವಾ ಉಪ್ಪಾಗುತ್ತವೆ. ಆಗ ಆಸ್ಪತ್ರೆಯ ಕೊಳವೆಬಾವಿ ಮತ್ತು ನೆರೆಯ ಮನೆಯ ತೆರೆದ ಬಾವಿ ಒಂದೇ ನೀರಿಗೆ ಸ್ಪರ್ಧಿಸಬೇಕಾಗುತ್ತದೆ.

ಬಳಸಿದ ನೀರಿನ ಬಹುಪಾಲು ಕೊಳೆನೀರಾಗಿ ಹೊರಬರುತ್ತದೆ. ಅದರಲ್ಲಿ ರೋಗಾಣುಗಳಷ್ಟೇ ಅಲ್ಲ, ಔಷಧದ ಅಂಶ, ಪ್ರಯೋಗಾಲಯದ ರಾಸಾಯನಿಕ, ಸೋಂಕುನಾಶಕಗಳೂ ಇರುತ್ತವೆ. 2016ರ ಜೀವ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಇಂಥ ದ್ರವ ತ್ಯಾಜ್ಯವನ್ನು ಪ್ರತ್ಯೇಕಿಸಿ, ಸಂಸ್ಕರಿಸಿಯೇ ಹೊರಬಿಡಬೇಕೆಂದು ಹೇಳುತ್ತವೆ. ಕರಾವಳಿಯ ನೆಲ ಬಹುತೇಕ ಚಿರೆಕಲ್ಲಿನದು. ತೂತು ತೂತಾದ ಈ ಕಲ್ಲಿನ ಮೂಲಕ ನೀರು ಬೇಗ ಇಳಿಯುತ್ತದೆ, ಬೇಗ ಹರಡುತ್ತದೆ. ಗುಡ್ಡದ ತಲೆಯ ಮೇಲೆ ಆಸ್ಪತ್ರೆ, ಬುಡದಲ್ಲಿ ಕೇರಿಯ ಬಾವಿಗಳು ಎಂಬ ವಿನ್ಯಾಸವಿದ್ದಲ್ಲಿ ಶುದ್ಧೀಕರಣ ಘಟಕ ಒಂದು ವಾರ ಕೆಟ್ಟರೂ ಸಾಕು. ಮೀನುಗಾರರ ಚಿಂತೆಯೂ ಇದೇ. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಚಿಪ್ಪೆಕಲ್ಲು ಹೆಕ್ಕಿ ಬದುಕುವ ಕುಟುಂಬಗಳಿವೆ. ಚಿಪ್ಪೆಕಲ್ಲು ನೀರನ್ನು ಸೋಸಿ ಬದುಕುವ ಜೀವಿ. ನೀರಿನಲ್ಲಿದ್ದದ್ದು ಅದರ ಒಡಲಲ್ಲಿ ಉಳಿಯುತ್ತದೆ, ಅಲ್ಲಿಂದ ಊಟದ ತಟ್ಟೆಗೆ ಬರುತ್ತದೆ.

ಘನ ತ್ಯಾಜ್ಯದ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. ಹಳದಿ, ಕೆಂಪು, ಬಿಳಿ, ನೀಲಿ ಬಣ್ಣಗಳಲ್ಲಿ ವಿಂಗಡಿಸಬೇಕು. 75 ಕಿಲೋಮೀಟರ್ ಒಳಗೆ ಸಾಮೂಹಿಕ ಘಟಕವಿದ್ದರೆ ಆಸ್ಪತ್ರೆ ತನ್ನ ಆವರಣದಲ್ಲಿ ಸುಡುವಂತಿಲ್ಲ. ಆ ವ್ಯಾಪ್ತಿಯಲ್ಲಿ ಹತ್ತು ಸಾವಿರ ಹಾಸಿಗೆಗಳಿಲ್ಲದಿದ್ದರೆ ಘಟಕದ ಸೇವಾ ವ್ಯಾಪ್ತಿಯನ್ನು 150 ಕಿಲೋಮೀಟರ್‌ವರೆಗೆ ಹಿಗ್ಗಿಸಬಹುದು. ದೇಹದ ಭಾಗಗಳು, ರಕ್ತ ಮೆತ್ತಿದ ಬಟ್ಟೆ ಮುಂತಾದವನ್ನು ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಹೊತ್ತು ಇಡುವಂತಿಲ್ಲ.

ನಿಯಮ ಬರೆದವರ ಕಣ್ಣ ಮುಂದೆ ನಗರವಿತ್ತು. ಘಟ್ಟದ ರಸ್ತೆ ಮಣ್ಣಿನಡಿ ಹೂತು ಸಂಚಾರ ನಿಂತಾಗ 48 ಗಂಟೆ ಕಳೆಯುವುದು ಎಷ್ಟು ಹೊತ್ತಿನ ಮಾತು? 2024ರ ಜುಲೈನಲ್ಲಿ ಹೆದ್ದಾರಿ ಮುಚ್ಚಿದ್ದು ಗಂಟೆಗಳ ಲೆಕ್ಕದಲ್ಲಿ ಅಲ್ಲ. ಆದ್ದರಿಂದ ಇಲ್ಲಿ ಕಟ್ಟುವ ಆಸ್ಪತ್ರೆಗೆ ತ್ಯಾಜ್ಯವನ್ನು ಶೈತ್ಯೀಕರಿಸಿ ಇಡುವ ಕೊಠಡಿ, ತುರ್ತಿಗೆ ಬಳಸಬಹುದಾದ ಸಂಸ್ಕರಣಾ ವ್ಯವಸ್ಥೆ ಮೂಲ ನಕ್ಷೆಯಲ್ಲಿಯೇ ಇರಬೇಕಾಗುತ್ತದೆ. ಅಹವಾಲು ಸಭೆಯೊಂದು ನಡೆದಿದ್ದರೆ ಊರಿನ ಯಾರಾದರೊಬ್ಬರು ಎದ್ದು ನಿಂತು ಕೇಳಬಹುದಾದ ಸರಳ ಪ್ರಶ್ನೆ ಇದು.

ಆಸ್ಪತ್ರೆಯೂ ಮುಳುಗಬಲ್ಲದು

ಪರಿಸರಕ್ಕೆ ಆಸ್ಪತ್ರೆಯಿಂದ ಏನಾಗುತ್ತದೆ ಎಂಬುದರ ಜತೆಗೆ ಆಸ್ಪತ್ರೆಗೆ ಪರಿಸರದಿಂದ ಏನಾಗಬಹುದು ಎಂಬುದೂ ಇದೆ. ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಯ ವಾರ್ಡುಗಳಿಗೆ 2020ರ ಜುಲೈನಲ್ಲಿ ಮಳೆನೀರು, ಚರಂಡಿ ನೀರು ನುಗ್ಗಿ ರೋಗಿಗಳ ಮಂಚಗಳು ನೀರಿನಲ್ಲಿ ನಿಂತವು. ಹೊಸ ಕಟ್ಟಡಕ್ಕೆ 2025ರ ಜನವರಿ 31ರಂದು ಗೋಶಾಮಹಲ್ ಮೈದಾನದಲ್ಲಿ ಶಂಕುಸ್ಥಾಪನೆಯಾಯಿತು. ನಗರದ ನಡುವೆ ಉಳಿದಿದ್ದ ಬಯಲು ಹೋಗುತ್ತದೆ, ಸಂಚಾರ ದಟ್ಟಣೆ ಮತ್ತು ಆಸ್ಪತ್ರೆ ತ್ಯಾಜ್ಯ ತಮ್ಮ ಬಾಗಿಲಿಗೆ ಬರುತ್ತದೆ ಎಂದು ಅಲ್ಲಿನ ನಿವಾಸಿಗಳು, ವ್ಯಾಪಾರಿಗಳು ಪ್ರತಿಭಟಿಸಿದರು. ಹಳೆಯ ಕಟ್ಟಡದ ದುಃಸ್ಥಿತಿಯನ್ನು ಯಾರೂ ಅಲ್ಲಗಳೆಯಲಿಲ್ಲ. ಜಾಗ ನಿರ್ಧಾರವಾದ ಮೇಲೆ ಜನರಿಗೆ ಉಳಿದದ್ದು ಬೀದಿ ಮತ್ತು ನ್ಯಾಯಾಲಯ.

ಉತ್ತರ ಕನ್ನಡದಲ್ಲಿ ಮುಳುಗಡೆಗಿಂತ ಕುಸಿತದ ಭಯ ದೊಡ್ಡದು. 2009ರ ಅಕ್ಟೋಬರಿನಲ್ಲಿ ಕಾರವಾರ ಸಮೀಪದ ಕಡವಾಡ ಭಾಗದಲ್ಲಿ, 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜರಿದದ್ದನ್ನು ಜನ ಮರೆತಿಲ್ಲ. ಇಳಿಜಾರಿನ ಬುಡವನ್ನು ನೆಟ್ಟಗೆ ಕಡಿದಾಗ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ಮೇಲಿನ ಮರ ಕಡಿದಾಗ ಬೇರಿನ ಹಿಡಿತ ತಪ್ಪುತ್ತದೆ. ಮಳೆನೀರಿನ ದಾರಿ ಕಟ್ಟಿದಾಗ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಗುಡ್ಡದ ಮೇಲೆ ಹತ್ತಿಪ್ಪತ್ತು ಎಕರೆ ಸಮತಟ್ಟು ಮಾಡುವ ಕಾಮಗಾರಿಯಲ್ಲಿ ಈ ಮೂರೂ ಒಟ್ಟಿಗೆ ನಡೆಯುತ್ತವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಭೂಕುಸಿತ ಸಾಧ್ಯತೆಯ ನಕ್ಷೆಗಳನ್ನು ಸಿದ್ಧಪಡಿಸಿದೆ. ಜಾಗ ಗುರುತಿಸುವ ಮೊದಲು ಅದನ್ನು ಹರಡಿಕೊಂಡು ನೋಡುವುದಕ್ಕೆ ಖರ್ಚೇನೂ ಇಲ್ಲ.

ಗಜನಿ ತುಂಬಿಸಿ ಕಟ್ಟುವ ಯೋಚನೆಯೂ ಸುಲಭವಲ್ಲ. ಉಬ್ಬರದ ನೀರು ಬರುವ, ಕಗ್ಗ ಭತ್ತ ಬೆಳೆಯುವ ಈ ನೆಲದ ಹಲವು ಭಾಗಗಳು ಕರಾವಳಿ ನಿಯಂತ್ರಣ ವಲಯದ ಒಳಗೆ ಬರುತ್ತವೆ. 2019ರ ಅಧಿಸೂಚನೆ ಸ್ಥಳೀಯರ ಅನುಕೂಲಕ್ಕಾಗಿ ಔಷಧಾಲಯದಂಥ ಸಣ್ಣ ಕಟ್ಟಡಕ್ಕೆ ಅವಕಾಶ ಕೊಡುತ್ತದೆಯೇ ಹೊರತು ಬಹುಮಹಡಿ ಆಸ್ಪತ್ರೆಗಲ್ಲ.

ಒಂದೇ ದೊಡ್ಡದೋ, ಹಲವು ಚಿಕ್ಕವೋ?

ಈ ಎಲ್ಲ ತೊಡಕುಗಳ ನಡುವೆ ಮೂರನೆಯ ಅಭಿಪ್ರಾಯವೊಂದೂ ಇದೆ. ಹೊಸ ಜಾಗ ಹುಡುಕುವ ಬದಲು ಈಗಿರುವ ತಾಲ್ಲೂಕು ಆಸ್ಪತ್ರೆಗಳ ಆವರಣದಲ್ಲಿಯೇ ಮಹಡಿ ಏರಿಸಿ, ಅಪಘಾತ ಚಿಕಿತ್ಸಾ ಘಟಕ, ಹೃದಯಾಘಾತಕ್ಕೆ ಮೊದಲ ಚಿಕಿತ್ಸೆ, ರಕ್ತನಿಧಿ ಒದಗಿಸಿದರೆ ಒಂದು ಮರವನ್ನೂ ಕಡಿಯದೆ ಹೆಚ್ಚು ಜೀವ ಉಳಿಸಬಹುದು ಎಂಬುದು ಇದರ ಸಾರ. ಘಟ್ಟದ ಮೇಲೋ ಕರಾವಳಿಯೋ, ಶಿರಸಿಯೋ ಕುಮಟಾವೋ ಎಂಬ ಹಳೆಯ ಜಗಳಕ್ಕೂ ಇದು ಅವಕಾಶ ಕೊಡುವುದಿಲ್ಲ.

ಹೋರಾಟಗಾರರಲ್ಲಿ ಹಲವರಿಗೆ ಇದು ಸಮ್ಮತವಲ್ಲ. ಕಟ್ಟಡ ಏರಿಸಬಹುದು, ತಜ್ಞರನ್ನು ಎಲ್ಲಿಂದ ತರುವುದು ಎಂಬುದು ಅವರ ಪ್ರಶ್ನೆ. ನರಶಸ್ತ್ರಚಿಕಿತ್ಸಕರೊಬ್ಬರು ಒಂಟಿಯಾಗಿ ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡಲಾರರು. ಅರಿವಳಿಕೆ ತಜ್ಞರು, ತೀವ್ರ ನಿಗಾ ಘಟಕ, ಸ್ಕ್ಯಾನಿಂಗ್, ದಿನದ 24 ಗಂಟೆಯೂ ಸಿಬ್ಬಂದಿ ಒಂದೆಡೆ ಸೇರಿದರೆ ಮಾತ್ರ ಅವರ ಕೈಚಳಕಕ್ಕೆ ಅರ್ಥ. ಈ ಮಾತಿನಲ್ಲಿ ಹುರುಳಿದೆ. ಆದರೆ ಕಾರವಾರದ ವೈದ್ಯಕೀಯ ಕಾಲೇಜು ಈಗಾಗಲೇ ಇರುವಾಗ ವಿಶೇಷ ವಿಭಾಗಗಳನ್ನು ಅಲ್ಲಿಯೇ ಬಲಪಡಿಸಬಾರದೇಕೆ ಎಂಬ ಮರುಪ್ರಶ್ನೆಗೂ ಅಷ್ಟೇ ತೂಕವಿದೆ. ಜಿಲ್ಲೆಯ ಒಂದು ತುದಿಯಲ್ಲಿರುವ ಕಾರವಾರ ಭಟ್ಕಳದವರಿಗೆ ಮಣಿಪಾಲಕ್ಕಿಂತ ಹತ್ತಿರವೇನೂ ಅಲ್ಲ ಎಂಬ ಉತ್ತರವೂ ಸಿದ್ಧವಿದೆ. ಜಿಲ್ಲೆಯ ಆಕಾರವೇ ಹಾಗಿದೆ.

ಉಳಿದಿರುವ ಬಾಗಿಲುಗಳು

ಜಾಗ ನಿರ್ಧಾರವಾದ ನಂತರ ನಾಗರಿಕರಿಗೆ ಕಾನೂನು ಬಿಟ್ಟಿರುವ ಅವಕಾಶಗಳು ಕೆಲವೇ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ಕ್ಕೆ ನಂತರ ಮಾಡಿದ ತಿದ್ದುಪಡಿಯಂತೆ ಸಾರ್ವಜನಿಕ ಉದ್ದೇಶಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದಾಗ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ನೀಡಿ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಬೆಂಗಳೂರಿನ ನಾಗರಿಕರು ಈ ಅವಕಾಶವನ್ನು ಹಲವು ಬಾರಿ ಬಳಸಿಕೊಂಡಿದ್ದಾರೆ. ಐವತ್ತರ ಮಿತಿಯೊಳಗೆ ಉಳಿಯಲು ಮರಗಳನ್ನು ಕಂತು ಕಂತಾಗಿ ಕಡಿಯುತ್ತಾರೆ ಎಂಬ ಆರೋಪವೂ ಅಲ್ಲಿಂದಲೇ ಬಂದದ್ದು. ಜಿಲ್ಲಾ ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುವ ಇಂಥ ಪ್ರಕಟಣೆಯನ್ನು ಹಳ್ಳಿಯಲ್ಲಿ ಎಷ್ಟು ಜನ ಓದುತ್ತಾರೆ ಎಂಬುದು ಬೇರೆ ಮಾತು.

ಪರಿಸರ ಅನುಮತಿ ಸಿಕ್ಕಿದ ಏಳು ದಿನಗಳೊಳಗೆ ಆ ವಿಷಯವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಪ್ರತಿಯನ್ನು ಸ್ಥಳೀಯ ಸಂಸ್ಥೆಗೆ ಕಳುಹಿಸಬೇಕು. ಅನುಮತಿಯನ್ನು ಪ್ರಶ್ನಿಸುವವರು 30 ದಿನಗಳೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬೇಕು. ಸಕಾರಣವಿದ್ದರೆ ಇನ್ನೂ 60 ದಿನಗಳವರೆಗೆ ಮನ್ನಾ ಸಿಗಬಹುದು. ನಂತರ ಬಾಗಿಲು ಮುಚ್ಚುತ್ತದೆ. ಕರ್ನಾಟಕದ ಪ್ರಕರಣಗಳು ಸೇರುವ ದಕ್ಷಿಣ ವಲಯ ಪೀಠ ಇರುವುದು ಚೆನ್ನೈನಲ್ಲಿ.

ಇದೆಲ್ಲವೂ ನಿರ್ಧಾರದ ನಂತರದ ಮಾತು. ನಿರ್ಧಾರಕ್ಕೆ ಮೊದಲು ಜನರ ಅಭಿಪ್ರಾಯ ಪಡೆಯಲು ಕಾನೂನು ಒತ್ತಾಯಿಸುವುದಿಲ್ಲವಾದರೂ ತಡೆಯುವುದೂ ಇಲ್ಲ. ಗುರುತಿಸಿದ ಎರಡು-ಮೂರು ಜಾಗಗಳ ವಿವರ, ಅಲ್ಲಿನ ಇಳಿಜಾರು, ನೀರಿನ ಮೂಲ, ಮರಗಳ ಎಣಿಕೆ, ಅರಣ್ಯ ಹಕ್ಕಿನ ಬಾಕಿ ಅರ್ಜಿಗಳು, ತ್ಯಾಜ್ಯ ಸಾಗಿಸುವ ದಾರಿ, ಇಷ್ಟನ್ನು ಕನ್ನಡದಲ್ಲಿ ಎರಡು ಪುಟಗಳಲ್ಲಿ ಬರೆದು ಸಂಬಂಧಪಟ್ಟ ಗ್ರಾಮಸಭೆಗಳ ಮುಂದಿಡಲು ಜಿಲ್ಲಾಡಳಿತಕ್ಕೆ ಹೊಸ ಅಧಿಸೂಚನೆಯೇನೂ ಬೇಕಿಲ್ಲ. ಗ್ರಾಮಸಭೆಗಳು ಹೇಗೂ ವರ್ಷಕ್ಕೆ ಎರಡು ಬಾರಿಯಾದರೂ ಸೇರಲೇಬೇಕು.